ನೀರು ಕುಡಿಯದ ಪಾಳಿ

ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ, ಕೋಳಿಮಾಂಸದ ಕಾರ್ಖಾನೆಯಿರುವ ಒಂದು ಊರಲ್ಲಿ, ಉಳುಕಿದ ಕೈ ತೋರಿಸಲು ದವಾಖಾನೆಯಲ್ಲಿ ಕಾಯುತ್ತಿದ್ದ ವರ್ನಾಳ ಎದುರಿಗೆ, ಆ ಕಾರ್ಖಾನೆಯ ಕೆಲಸಗಾರ್ತಿ ಒರಾಲಿಯಾ ಪಕ್ಕೆ ಹಿಡಿದುಕೊಂಡು ಕೂತಿದ್ದಳು. ತಾಯಿಯ ಔಷಧಿಗೆ ಕಾಯುತ್ತಿದ್ದ ಒರಾಲಿಯಾಳ ಮಗಳು ಯೆಸೆನಿಯಾ ಕಿಡಿಕಿಡಿಯಾಗಿದ್ದಳು. ಅವರ ಮಾತೆಲ್ಲ ವರ್ನಾಳ ಕಿವಿಗೂ ಬೀಳುತ್ತಿತ್ತು.

“ಡಾಕ್ಟ್ರು ಅಂದಿದ್ದು ಕೇಳಿಸ್ತಾ? ನೀರಿಲ್ದೆ ಉಚ್ಚೆ ಮಂದವಾಗಿ, ಅದ್ರಲ್ಲಿರೋ ಉಪ್ಪೆಲ್ಲ ಹರಳುಗಟ್ಟಿ ಕಿಡ್ನೀಲಿ ಕಲ್ಲಾಗಿದೆಯಂತೆ!”

“ಮೆಲ್ಲಗೆ ಮಾತಾಡೇ.”

“ಯಾಕೆ ಮೆಲ್ಲಗೆ? ಆ ಕಲ್ಲು ಉಚ್ಚೆ ನಾಳದಲ್ಲಿ ಸಿಕ್ಕಾಕ್ಕೊಂಡು ಬೆಳಗ್ಗೆ ಬಚ್ಚಲಲ್ಲಿ ಬಿದ್ದು ಒದ್ದಾಡ್ದೆಯಲ್ಲ, ಆಗ ಮೆಲ್ಲಗೆ ಕಿರುಚಿದ್ಯಾ?”

“ಕೋಳಿ ಬರೋ ಬೆಲ್ಟು ನಮಗೋಸ್ಕರ ನಿಲ್ಲತ್ತೇನೇ? ಟಾಯ್ಲೆಟ್ಟಿಗೆ ಬಿಡಪ್ಪ ಅಂದ್ರೆ ಸೂಪರ್‌ವೈಸರ್ ಎಲ್ಲರೆದುರಿಗೆ ‘ಡೈಪರ್ ಹಾಕ್ಕೊಂಡು ಬಾ’ ಅಂತಾನೆ. ನೀರು ಕುಡಿದ್ರೆ ತಾನೆ ಹೋಗ್ಬೇಕಾಗೋದು?”

“ಅವ್ನ ಬಾಯಿಗೆ ಮಣ್ಣು ಹಾಕ! ಅವ್ನಿಗೆ ಹೆದರ್ಕೊಂಡು ವರ್ಷಗಟ್ಲೆ ಒಣಗ್ಕೊಂಡಿದ್ಯಾ? ಹಿಡಿ, ಈ ಬಾಟ್ಲಿ ಪೂರ್ತಿ ಕುಡಿ.”

ಒರಾಲಿಯಾ ಅರ್ಧ ಕುಡಿದು ಬಾಟಲಿಯನ್ನು ಮಗಳ ಮುಂದೆ ಹಿಡಿದಳು. “ನಿನ್ ತುಟಿನೂ ಒಡೆದು ಹೋಗಿದೆ. ನೀನೂ ಕುಡಿ.”

ಅಷ್ಟರಲ್ಲಿ ಔಷಧಿಗೆ ಕರೆದರು. ಯೆಸೆನಿಯಾ ಗೋಡೆಯ ಗಡಿಯಾರ ನೋಡಿದಳು. ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ತಾಯಿಯ ತೋಳು ಹಿಡಿದು ಎಬ್ಬಿಸಿದಳು.

“ನಂಗೆ ಬೇಡಮ್ಮ. ಎರಡು ಗಂಟೆ ಪಾಳಿಗೆ ನಾನೂ ಅದೇ ಬೆಲ್ಟಿನ ಮುಂದೆ ನಿಲ್ಬೇಕು.”