ಅಪ್ಪನ ಉಡದಾರ

ಸೇಡಂ ಬಸ್‌ಸ್ಟ್ಯಾಂಡ್ ಎದುರಿನ ಔಷಧದಂಗಡಿಯಲ್ಲಿ ನಿಂತಿದ್ದ ದ್ರೌಪದಿಗೆ ಮುಂದಿದ್ದವನ ಪಿಸುಮಾತು ಕೇಳಿಸಿತು.

“ದೊಡ್ಡವರ ಡಯಾಪರ್ ಕೊಡ್ರಿ, ನಮ್ಮಪ್ಪಗ. ತೂಕ ಅರವತ್ತು ಕಿಲೋ.”

“ತೂಕ ಅಲ್ರಿ, ನಡದ ಅಳತಿ ಬೇಕು,” ಎಂದಳು ಅಂಗಡಿಯಾಕೆ.

ಅವನು ಕಿಸೆಯಿಂದ ಕರಿ ಉಡದಾರ ತೆಗೆದಿಟ್ಟ. ಸತ್ತಾಗಲ್ಲದೆ ಗಂಡಸರ ಸೊಂಟದಿಂದ ಅದು ಇಳಿದದ್ದನ್ನು ದ್ರೌಪದಿ ಕಂಡಿರಲಿಲ್ಲ.

“ನೀವು ಬಿಚ್ಚಿಸಿದ್ರೇನ್ರಿ?” ಅಂಗಡಿಯಾಕೆ ಕೇಳಿದಳು.

“ಇಲ್ರಿ. ಅಳತಿ ಕೇಳಾಕ ನನಗ ಬಾಯೇ ಬರಲಿಲ್ಲ. ಮುಂಜಾನಿ ಅಪ್ಪನೇ ಬಿಚ್ಚಿ ಕೈಯಾಗಿಟ್ಟ.”

ಆಕೆ ದಾರವನ್ನು ಟೇಪಿಗೆ ಹಿಡಿದು ಅಳೆದಳು.

“ಮೀಡಿಯಂ ಆಗ್ತದ. ಬಿಗಿ ಹಚ್ಚಬ್ಯಾಡ್ರಿ, ಎರಡು ಬೆರಳು ಹೋಗೋವಷ್ಟು ಸಡಲ ಇರ್ಲಿ. ತೊಡಿ ಹತ್ರ ಅಂಚು ಒಳಗ ಮಡಚಿರಬಾರ್ದು. ಹಸಿ ಆದಕೂಡ್ಲೆ ಬದಲಿ ಮಾಡ್ರಿ.”

“ಹೂಂ ರೀ.”

“ಮನಿಗಿ ಹೋಗಿ ಮೊದಲ ಇದನ್ನ ಕಟ್ರಿ. ಡಯಾಪರ್ ಆಮ್ಯಾಲ,” ಎಂದು ಅಂಗಡಿಯಾಕೆ ಉಡದಾರ ಮರಳಿಸಿದಳು.

ಅವನು ಡಯಾಪರನ್ನು ಚೀಲದ ತಳಕ್ಕೆ ತುರುಕಿದ. ಉಡದಾರವನ್ನು ಮುಷ್ಟಿಯಲ್ಲೇ ಹಿಡಿದು ಕುರಕುಂಟಾ ಬಸ್ಸಿಗೆ ಓಡಿದ.