ನಿಮ್ಮ ಎಡಕ್ಕೆ

ಅಧ್ಯಕ್ಷತೆ ವಹಿಸಿರುವ ಮಾನ್ಯ ಕುಲಪತಿಗಳೇ, ಅವರ ಬಲಕ್ಕೆ, ಅಂದರೆ ನಿಮ್ಮ ಎಡಕ್ಕೆ ಆಸೀನರಾಗಿರುವ ಕುಲಸಚಿವರೇ, ವಿಭಾಗಗಳ ಮುಖ್ಯಸ್ಥರೇ, ನನ್ನೊಡನೆ ಬಿಸಿಲಲ್ಲಿ ನಿಂತು ಕರಕಲಾದ ಗೇಟಿನ ಬಂಧುಗಳೇ, ಗಾಡಿಗೆ ಜಾಗ ಸಿಕ್ಕಿ ನೆಮ್ಮದಿಯಾಗಿ ಬಂದು ಕುಳಿತಿರುವ ಸಭಿಕರೇ, ಜಾಗ ಸಿಗದೆ ಇನ್ನೂ ಗ್ರಂಥಾಲಯದ ಸುತ್ತ ಪ್ರದಕ್ಷಿಣೆ ಹಾಕುತ್ತಿರುವ ಅಭಾಗ್ಯರೇ,

ಮೈಕು ಬೇಡ ಅಂದಿದ್ದೆ. ಆದರೂ ಕೊಟ್ಟಿದ್ದೀರಿ. ಮೂವತ್ತೊಂದು ವರ್ಷ ಮುಖ್ಯದ್ವಾರದಲ್ಲಿ ಕಾವಲು ನಿಂತವನು ನಾನು. ಅಲ್ಲಿಂದ ಕೂಗಿದರೆ ಆಟದ ಮೈದಾನದಲ್ಲಿ ಸ್ಕೂಟರು ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು, ಅಂಥ ಗಂಟಲು ಇದು. 'ಕಂಚು' ಎಂದು ನನಗೆ ಹೆಸರಿಟ್ಟವರು ವಿದ್ಯಾರ್ಥಿಗಳು. ಹಿಂದಿನಿಂದ ಕರೆಯುತ್ತಿದ್ದರು. ಇವತ್ತು ಆಹ್ವಾನ ಪತ್ರಿಕೆಯಲ್ಲೇ ಅಚ್ಚಾಗಿದೆ. ಬಡ್ತಿ ಎಂದರೆ ಇದಲ್ಲದೆ ಇನ್ನೇನು?

ನನಗೆ ಕಾಣಿಕೆಯಾಗಿ ಏನು ಕೊಟ್ಟಿದ್ದೀರಿ ನೋಡಿ. ಆಡಳಿತ ಕಟ್ಟಡದ ನೆರಳಿನಲ್ಲಿ ಒಂದು ಗಾಡಿ ನಿಲ್ಲಿಸುವಷ್ಟು ಜಾಗ, ಅದರ ಮುಂದೆ ನನ್ನ ಅಡ್ಡಹೆಸರಿನ ಫಲಕ. ಊರಿನ ಗಾಡಿಗಳಿಗೆಲ್ಲ ಜಾಗ ತೋರಿಸಿದವನಿಗೆ ಕೊನೆಗೂ ಒಂದು ಜಾಗ. ಇನ್ನೂ ದೊಡ್ಡದೊಂದಿದೆ. ನಿವೃತ್ತಿಯಾದರೂ ಎರಡು ವರ್ಷ ಸಂಚಾರ ಸಲಹೆಗಾರನಾಗಿ ಇಲ್ಲೇ ಇರಿ ಎಂದು ಕುಲಪತಿಗಳು ಕೇಳಿದ್ದಾರೆ. ಉತ್ತರವನ್ನು ಈ ಭಾಷಣದ ಕೊನೆಯಲ್ಲಿ, ನಿಮ್ಮೆಲ್ಲರ ಎದುರಿನಲ್ಲಿ ಹೇಳಬೇಕಂತೆ. ಹೇಳುತ್ತೇನೆ. ನಾಟಕದವನಿಗೆ ಕೊನೆಯ ಅಂಕ ಕೊನೆಯಲ್ಲೇ ಬರಬೇಕು.

ಮೊದಲ ಸಾಲಿನಲ್ಲಿ ನನ್ನ ಮನೆಯವರು ಕುಳಿತಿದ್ದಾರೆ. ಅವರ ಉತ್ತರ ಆಗಲೇ ಆಗಿದೆ. 'ಸಾಕು ಬಿಡಿ, ಮನೆಗೆ ಬನ್ನಿ' ಎಂಬುದು ಅವರ ತೀರ್ಪು. ಬೆಳಿಗ್ಗೆ ಅವರನ್ನು ಈ ಸಭಾಂಗಣದ ಮೆಟ್ಟಿಲ ಬಳಿ ಇಳಿಸಿ, ಕಾರು ನಿಲ್ಲಿಸಿ ಬಂದು, ಬೀಗದ ಕೈಯನ್ನು ಅವರ ಚೀಲಕ್ಕೆ ಹಾಕಿದೆ. ಕೇಳಿದ್ದೇನು ಗೊತ್ತೇ? 'ಎಲ್ಲಿ ನಿಲ್ಲಿಸಿದ್ರಿ?' ಅಂತ. ನನ್ನನ್ನು ಕೇಳುವ ಪ್ರಶ್ನೆಯೇ ಇದು? 'ನಿಲ್ಲಿಸೋ ಕಡೆ ನಿಲ್ಲಿಸಿದೀನಿ' ಅಂದೆ. 'ಅದೇ, ಯಾವ ಕಡೆ?' ಅಂದರು. ಗಂಡ ಹೆಂಡಿರ ಮಾತು, ಬಿಡಿ. ಅಷ್ಟರಲ್ಲಿ ಹೂಗುಚ್ಛ ಹಿಡಿದು ನೀವೆಲ್ಲ ಬಂದಿರಿ, ನಾನು ಪಾರಾದೆ.

ನನಗೆ ಜ್ಞಾಪಕಶಕ್ತಿಯ ಪರೀಕ್ಷೆಯೇ? ನಾಲ್ಕು ಸಾವಿರ ಗಾಡಿಗಳ ಸಂಖ್ಯೆ ಈ ತಲೆಯಲ್ಲಿದೆ. ಕುಲಪತಿಗಳದು ಹನ್ನೆರಡು ನಲವತ್ತು. ಗ್ರಂಥಪಾಲಕರದು ಎಂಬತ್ತಾರು ಸೊನ್ನೆ ಮೂರು. ಗಣಿತದ ಮುಖ್ಯಸ್ಥರಿಗೆ ತಮ್ಮ ಗಾಡಿಯ ಸಂಖ್ಯೆ ತಮಗೇ ನೆನಪಿರುವುದಿಲ್ಲ, ನನಗೆ ಫೋನು ಮಾಡುತ್ತಾರೆ. ನಗಬೇಡಿ ಸಾರ್, ಮೂರು ಸಲ ಮಾಡಿದ್ದೀರಿ.

ಇದು ನನಗೆ ಬಂದದ್ದು ನಾಟಕದಿಂದ. ನಮ್ಮಪ್ಪ ಒಂದು ನಾಟಕ ಮಂಡಳಿಯಲ್ಲಿ ಪ್ರಾಂಪ್ಟರ್ ಆಗಿದ್ದರು. ಪರದೆಯ ಮರೆಯಲ್ಲಿ ಮುಕ್ಕಾಲಿಯ ಮೇಲೆ ಕುಳಿತು, ಮಾತು ಮರೆತ ನಟನಿಗೆ ಮುಂದಿನ ಸಾಲನ್ನು ಪಿಸುಗುಟ್ಟುವವರು. ಜೀವಮಾನವಿಡೀ ಪಿಸುಗುಟ್ಟಿದವರ ಹೊಟ್ಟೆಯಲ್ಲಿ ನಾನು ಗುಡುಗಿನಂತೆ ಹುಟ್ಟಿದೆ. ಹತ್ತನೇ ವಯಸ್ಸಿಗೆ ನನಗೆ ಸೈನಿಕನ ಪಾತ್ರ. 'ಎಡದಿಂದ ಬಾ' ಎಂದಿದ್ದರು. ನನ್ನ ಎಡದಿಂದ ನುಗ್ಗಿದೆ. ಎದುರಿಗೆ ಸೋತು ಓಡುತ್ತಿದ್ದ ಶತ್ರುರಾಜ. ಇಬ್ಬರೂ ಡಿಕ್ಕಿ ಹೊಡೆದು ಬಿದ್ದೆವು, ಕಿರೀಟ ತಬಲದವನ ಮಡಿಲಿಗೆ ಉರುಳಿತು, ಯುದ್ಧ ಅಲ್ಲಿಗೆ ಮುಗಿಯಿತು. ಆಮೇಲೆ ಅಪ್ಪ ಕರೆದು ಕೂರಿಸಿಕೊಂಡು ಹೇಳಿದರು. 'ಎಡ ಅಂದ್ರೆ ಯಾರ ಎಡ ಅಂತ ಮೊದಲು ಕೇಳ್ಕೊ. ನಿನ್ನ ಎಡ ನಿನಗೊಬ್ಬನಿಗೆ ಕಣೋ. ಎದುರಿಗೆ ಕೂತೋರ ಎಡ ಬೇರೆ.'

ಇನ್ನೊಂದು ಮಾತೂ ಹೇಳಿದ್ದರು. ಅದು ಈಗ ಬೇಡ.

ಈ ಒಂದು ಪಾಠದಿಂದ ನಾನು ಮೂವತ್ತೊಂದು ವರ್ಷ ಅನ್ನ ತಿಂದೆ. ಗೇಟಿನವನು ಗಾಡಿಗೆ ಮುಖ ಕೊಟ್ಟು ನಿಲ್ಲುತ್ತಾನೆ. ಅವನ ಎಡ, ಚಾಲಕನ ಬಲ. ಆದ್ದರಿಂದ ನಾನು ಬರೀ 'ಎಡಕ್ಕೆ' ಎಂದವನಲ್ಲ. 'ನಿಮ್ಮ ಎಡಕ್ಕೆ'. 'ನಿಮ್ಮ ಬಲಕ್ಕೆ'. ಹೊಸದಾಗಿ ಸೇರಿದವರಿಗೆಲ್ಲ ಮೊದಲು ಕಲಿಸಿದ್ದೇ 'ನಿಮ್ಮ' ಎಂಬ ಆ ಒಂದು ಮಾತು. ಅದು ಬರೀ ಮರ್ಯಾದೆಯ ಮಾತಲ್ಲ, ದಿಕ್ಕಿನ ಮಾತು.

ಯಾರೋ ಒಂದು ಚೀಟಿ ತಂದುಕೊಟ್ಟರು. ಗೊತ್ತು, ಗೊತ್ತು, ಸಮಯ ಮೀರಿದೆ ಎಂದಿರುತ್ತದೆ. ಮಡಚಿದ ಚೀಟಿ ಕೈಯಲ್ಲೇ ಇರಲಿ. ಗಾಡಿ ಕೆಡದೆ ಯಾರಾದರೂ ನಡುದಾರಿಯಲ್ಲಿ ನಿಲ್ಲಿಸುತ್ತಾರೆಯೇ?

ಹೋದ ತಿಂಗಳಿನ ವಿಷಯ ನಿಮ್ಮ ಮನಸ್ಸಿನಲ್ಲಿದೆ ಎಂದು ನನಗೆ ಗೊತ್ತು. ಹೇಳದೆ ಇಳಿದರೆ ಕಂಚು ಹೆದರಿದ ಎನ್ನುತ್ತೀರಿ. ರಸಾಯನಶಾಸ್ತ್ರದ ಹೊಸ ಪ್ರಯೋಗಾಲಯದಲ್ಲಿ ಒಬ್ಬ ವಿದ್ಯಾರ್ಥಿನಿ ಹೊಗೆ ಕುಡಿದು ಪ್ರಜ್ಞೆ ತಪ್ಪಿದಳು. ನಮ್ಮ ಆರೋಗ್ಯ ಕೇಂದ್ರದ ಆಂಬುಲೆನ್ಸ್ ಬಂತು. ಅದರ ಚಾಲಕರು ಇಲ್ಲಿಗೆ ಬಂದು ಎರಡೇ ತಿಂಗಳಾಗಿತ್ತು, ಹೊಸ ಪ್ರಯೋಗಾಲಯ ನೋಡಿರಲಿಲ್ಲ. ವೃತ್ತದಲ್ಲಿ ನಾನಿದ್ದೆ. ಜನ ನುಗ್ಗದಂತೆ ಎರಡೂ ಕೈಯಲ್ಲಿ ಅಡ್ಡಗಂಬಿ ಹಿಡಿದಿದ್ದೆ, ಕೈ ತೋರಿಸುವಂತಿರಲಿಲ್ಲ, ಬಾಯಲ್ಲಿ ಕೂಗಿದೆ. ಚಾಲಕರು ತಮ್ಮ ಎಡಕ್ಕೆ ಹೋದರು. ಪ್ರಯೋಗಾಲಯ ಇದ್ದದ್ದು ಅವರ ಬಲಕ್ಕೆ. ಕ್ರೀಡಾಂಗಣ ಸುತ್ತಿ ವಾಪಸು ಬರಲು ಹನ್ನೊಂದು ನಿಮಿಷ. ಆ ಮಗು ಬದುಕಿತು. ಇವತ್ತು ತರಗತಿಗೆ ಬರುತ್ತಿದ್ದಾಳೆ. ಆದರೆ ಹನ್ನೊಂದು ನಿಮಿಷ ಹನ್ನೊಂದು ನಿಮಿಷವೇ.

ಚಾಲಕರಿಗೆ ನೋಟಿಸು ಹೋಯಿತು. ಸೋಮವಾರ ವಿಚಾರಣೆ. ಅವರ ಕೆಲಸ ಉಳಿಯುತ್ತದೋ ಇಲ್ಲವೋ ಅವತ್ತು ತೀರ್ಮಾನ. 'ಇವರೇ ಎಡ ಅಂದ್ರು ಸಾರ್' ಎಂದು ಅವರು. 'ಬಲಕ್ಕೆ ಎಂದು ಸ್ಪಷ್ಟವಾಗಿ ಕೂಗಿದ್ದೇನೆ' ಎಂದು ನಾನು, ಬರೆದು, ಸಹಿ ಹಾಕಿ. ಯಾರ ಮಾತು ನಂಬುತ್ತೀರಿ? ಎರಡು ತಿಂಗಳಿನವರದೋ, ಮೂವತ್ತೊಂದು ವರ್ಷದವನದೋ? ನಂಬಿದ್ದೀರಿ. ಯಾರೂ ಎರಡನೇ ಪ್ರಶ್ನೆಯನ್ನೇ ಕೇಳಲಿಲ್ಲ. ಮನೆಯಲ್ಲಿ ಮಾತ್ರ ಕೇಳಿದರು. ಊಟ ಬಡಿಸುತ್ತಾ, ತಲೆ ಎತ್ತದೆ, 'ನೀವು ನಿಜವಾಗ್ಲೂ ಬಲ ಅಂದ್ರಾ?' ಎಂದರು. ನಾನು ಗದರಿದೆ. ಹದಿನೈದು ದಿನ ಮಾತಿಲ್ಲ. ಇರಲಿ, ಮನೆಯ ಮಾತು ಸಭೆಗೆ ಯಾಕೆ ಬಂತೋ.

ಆಯಿತು, ಚೀಟಿ ಓದುತ್ತೇನೆ, ಕುಲಸಚಿವರು ಕೈಗಡಿಯಾರ ನೋಡುತ್ತಿದ್ದಾರೆ. ಕನ್ನಡಕ. ಹಾಂ. ಇದು ಸಮಯದ ಚೀಟಿಯಲ್ಲ ಸಭಿಕರೇ, ಇದು ನನ್ನ ಇಲಾಖೆಯದು. 'ನಲವತ್ತೇಳು ಹತ್ತೊಂಬತ್ತು, ಬೂದು ಬಣ್ಣದ ಕಾರು. ಆಂಬುಲೆನ್ಸ್ ಹೊರಬರುವ ದಾರಿಗೆ ಅಡ್ಡ ನಿಂತಿದೆ. ಸದ್ಯ ಕರೆ ಬಂದಿಲ್ಲ. ಬರುವುದರೊಳಗೆ ತೆಗೆಸಿ.'

ನೋಡಿದಿರಾ? ನನ್ನ ಬೀಳ್ಕೊಡುಗೆಯ ದಿನವೇ. ಆರೋಗ್ಯ ಕೇಂದ್ರದ ಮುಂದೆ ಹಳದಿ ಗೆರೆ ಎಳೆಸಿದವನು ನಾನು. ಅದರ ಮೇಲೆ ಕಾರು ನಿಲ್ಲಿಸಿ, ಇಲ್ಲಿ ಬಂದು ಚಪ್ಪಾಳೆ ತಟ್ಟುತ್ತಿರುವ ಮಹಾನುಭಾವರು ಯಾರು? ಎದ್ದು ನಿಲ್ಲಿ. ಓದು ಬರಹ ಕಲಿಸುವವರೇ ಹಳದಿ ಗೆರೆ ಓದಲಾರದಿದ್ದರೆ ಹೇಗೆ? ನಲವತ್ತೇಳು ಹತ್ತೊಂಬತ್ತು. ಮತ್ತೊಮ್ಮೆ ಹೇಳುತ್ತೇನೆ, ನಲವತ್ತೇಳು ಹತ್ತೊಂಬತ್ತು. ಯಾರದೇ ಇರಲಿ, ನಾನು ಮರ್ಯಾದೆ ನೋಡುವವನಲ್ಲ.

ಯಾಕೆ ಎಲ್ಲರೂ ಮೊದಲ ಸಾಲಿನ ಕಡೆ ನೋಡುತ್ತಿದ್ದೀರಿ?

ನೀನ್ಯಾಕೆ ಎದ್ದೆ? ಕೂತ್ಕೊ. ಚೀಲದಲ್ಲಿ ಏನು ಹುಡುಕುತ್ತಿದ್ದೀಯ?

ಓ.

ಒಂದು ನಿಮಿಷ. ನೀರು ಕುಡಿಯುತ್ತೇನೆ.

ಹತ್ತೊಂಬತ್ತು ವರ್ಷದಿಂದ ಆ ಕಾರು ಓಡಿಸುತ್ತಿದ್ದೇನೆ ಸಭಿಕರೇ. ಕುಲಪತಿಗಳ ಹನ್ನೆರಡು ನಲವತ್ತು ಈಗಲೂ ಕಣ್ಣ ಮುಂದಿದೆ. ನನ್ನದನ್ನು ಮೂರು ಸಲ ಓದಿದೆ, ಮೂರು ಸಲವೂ ಅದು ಬೇರೆ ಯಾರದೋ ಆಗಿತ್ತು. ಬೆಳಿಗ್ಗೆ ಎಲ್ಲಿ ನಿಲ್ಲಿಸಿದೆ ಎಂದು ಅವರು ಕೇಳಿದಾಗಲೂ ನನಗೆ ಗೊತ್ತಿರಲಿಲ್ಲ. ಅದಕ್ಕೇ ತಮಾಷೆ ಮಾಡಿದೆ.

ಹಿಂದಿನ ಬಾಗಿಲಲ್ಲಿ ನಿಂತಿರುವವರೇ ಆಂಬುಲೆನ್ಸ್ ಚಾಲಕರು. ಚೀಟಿಯ ಅಕ್ಷರ ಅವರದು, ನೋಟಿಸಿಗೆ ಅವರು ಬರೆದುಕೊಟ್ಟ ಹೇಳಿಕೆಯಲ್ಲಿ ನೋಡಿದ್ದೇನೆ. ಅವರಿಗೆ ಆ ಕಾರು ಯಾರದೆಂದು ಗೊತ್ತು. ಒಳಗೆ ಬಂದು 'ಕಂಚಿನ ಕಾರು ಅಡ್ಡ ಇದೆ' ಎಂದು ಕೂಗಿದ್ದರೆ ನನ್ನ ಮಾತನ್ನು ಯಾರೂ ನಂಬುತ್ತಿರಲಿಲ್ಲ, ಅವರ ವಿಚಾರಣೆ ಅಲ್ಲೇ ಮುಗಿಯುತ್ತಿತ್ತು. ಹೆಸರು ಬರೆಯದೆ, ಮಡಚಿ, ಪಿಸುಗುಟ್ಟಿದ ಹಾಗೆ ಕಳಿಸಿದರು. ಗುಡುಗಿ ಮರ್ಯಾದೆ ಕಳೆದುಕೊಂಡವನು ನಾನೇ.

ಅಪ್ಪ ಹೇಳಿದ್ದ ಇನ್ನೊಂದು ಮಾತು ಇದು. 'ಮಾತು ಮರೆತು ನಿಂತೋನಿಗೆ ನಾನು ಹೇಳ್ಕೊಡ್ತೀನಿ ಮಗಾ. ಮರೆತಿದ್ದು ಮುಚ್ಚೋಕೆ ಪಕ್ಕದ ನಟನ ಮೇಲೆ ರೇಗ್ತಾನಲ್ಲ, ಅವನಿಗೆ ಏನೂ ಮಾಡೋಕಾಗಲ್ಲ.'

ಅವತ್ತು ವೃತ್ತದಲ್ಲಿ ನಾನು 'ಎಡಕ್ಕೆ' ಎಂದೆ. 'ನಿಮ್ಮ' ಎನ್ನಲಿಲ್ಲ. ಪ್ರಯೋಗಾಲಯ ನನ್ನ ಎಡಕ್ಕಿತ್ತು. ಎದುರಿಗೆ ಇನ್ನೊಬ್ಬರಿದ್ದಾರೆ, ಅವರಿಗೂ ಒಂದು ಎಡವಿದೆ ಎಂಬುದು ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿರಲಿಲ್ಲ. ಸಂಜೆಯೇ ನನಗೆ ಇದು ಗೊತ್ತಾಗಿತ್ತು. ಗೊತ್ತಾಗಿಯೂ ಸಹಿ ಹಾಕಿದೆ. ಕುಲಸಚಿವರೇ, ಆ ಹೇಳಿಕೆಯನ್ನು ವಾಪಸು ಪಡೆಯುತ್ತೇನೆ. ಇಷ್ಟು ಸಾಕ್ಷಿಗಳ ಮುಂದೆ ಹೇಳಿದ ಮೇಲೆ ಸೋಮವಾರ ಅವರನ್ನು ಕೂರಿಸಿ ಕೇಳುವುದೇನೂ ಉಳಿದಿಲ್ಲ. ನನ್ನನ್ನು ಕರೆಸಿ. ಎಷ್ಟು ಗಂಟೆಗೆ, ಎಲ್ಲಿಗೆ ಎಂದು ದಯವಿಟ್ಟು ಬರೆದುಕೊಡಿ, ಮನೆಯವರ ಕೈಗೆ.

ಕುಲಪತಿಗಳಿಗೆ ಉತ್ತರ ಬಾಕಿ ಇದೆ. ಇಲ್ಲ ಸಾರ್. ಸಲಹೆ ಕೊಡುವ ಸ್ಥಿತಿಯಲ್ಲಿ ನಾನಿಲ್ಲ. ನೆರಳಿನ ಆ ಜಾಗವನ್ನು ಆಂಬುಲೆನ್ಸ್ ಚಾಲಕರಿಗೆ ಕೊಡಿ. ಫಲಕದ ಮೇಲಿನ ಹೆಸರನ್ನು ಅಳಿಸಿದರೆ ಸಾಕು, ಕಬ್ಬಿಣ ಗಟ್ಟಿಯಾಗಿದೆ.

ನನ್ನ ಮನೆಯವರು ಬೀಗದ ಕೈ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಾರೆ. ಅವರೇ ಓಡಿಸುತ್ತಾರೆ. ನಾನು ಪಕ್ಕದಲ್ಲಿ ಕೂರುತ್ತೇನೆ, ದಾರಿ ಹೇಳುವುದಿಲ್ಲ.

ಕರೆ ಬರುವ ಮೊದಲು ಹೋಗಬೇಕು. ಕೂಗಿದ್ದನ್ನು ಸಹಿಸಿಕೊಂಡವರಿಗೆ, ಗೇಟಿನ ಬಂಧುಗಳಿಗೆ, ಚೀಟಿ ಮಡಚಿ ಕಳಿಸಿದ ಕೈಗೆ ನಾನು ಋಣಿ. ಸಭೆ ಮುಗಿದ ಮೇಲೆ ನೂಕಾಡಬೇಡಿ. ಹೊರಗೆ ಹೋಗುವ ಬಾಗಿಲು ನನ್ನ ಬಲಕ್ಕಿದೆ. ಅಂದರೆ... ತಡೆಯಿರಿ, ಹೇಳಿಕೊಡಬೇಡಿ... ನಿಮ್ಮ ಎಡಕ್ಕೆ.

ಸರಿಯೇ? ಸರಿ. ನಮಸ್ಕಾರ.