ಹದಿನಾಲ್ಕು ತಲೆ

ಜಪಾನಿನ ಓಜಿಮಾದ ಬಸ್ ಸ್ಟಾಪಿನಲ್ಲಿ, ಸಾಲಿನಲ್ಲಿ ನನ್ನ ಮುಂದೆಯೇ ಕನ್ನಡ ಕೇಳಿಸಿತು. ಒಬ್ಬರು ನಡುವಯಸ್ಸಿನ ಹೆಂಗಸು, ಇನ್ನೊಬ್ಬಳು ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಹಾಕಿದ್ದ ಹುಡುಗಿ.

"ಶೈಲಕ್ಕ, ಸ್ಕೂಲ್‌ನವರು ಕೂದಲಿನ ರೂಲ್ ತೆಗೆದ್ರಂತೆ?"

"ಹೂಂ ಕಣೇ. ನನ್ನ ಮಗಳ ಕ್ಲಾಸಲ್ಲಿರೋ ಘಾನಾದ ಎಫುವಾ ಇನ್ಮೇಲೆ ಅವಳ ಸಣ್ಣ ಸಣ್ಣ ಜಡೆ ಹಾಕ್ಕೊಂಡೇ ಹೋಗ್ಬಹುದು."

"ಕಪ್ಪು ಮಕ್ಕಳ ಕೂದಲಿನ ಬಗ್ಗೆ ನಾನು ಸ್ಕೂಲಿಗೆ ಕೊಟ್ಟ ರಿಸರ್ಚ್ ರಿಪೋರ್ಟ್ ಓದಿದ್ರಾ?"

"ಎಲ್ಲಿ ಓದ್ತಾರೆ! ಸೋಮವಾರ ಕ್ಲಾಸಿನ ಹುಡುಗೀರೆಲ್ಲ ಅದೇ ಥರ ಜಡೆ ಹಾಕ್ಕೊಂಡು ಹೋದ್ರು."

"ಅಷ್ಟೂ ಜನಕ್ಕೆ ಹೆಣೆದಿದ್ಯಾರು?"

"ಎಫುವಾ ಅಮ್ಮ, ನಾನು. ಭಾನುವಾರ ಪೂರ್ತಿ ನಮ್ಮನೇಲೇ. ಬೆರಳು ಇನ್ನೂ ನೋಯ್ತಿದೆ."

"ಹೆಡ್‌ಮಾಸ್ಟರ್?"

"ಹದಿನಾಲ್ಕು ತಲೆ ನೋಡಿದ್ರು. ತಮ್ಮ ಬೋಳುತಲೆ ಸವರ್ಕೊಂಡು ನಕ್ಕುಬಿಟ್ರು. ಆ ರೂಲ್ ಮೇಲೆ ಗೀಟು ಎಳೆದ್ರು."

"ಇದನ್ನ ಥೀಸಿಸ್‌ನಲ್ಲಿ ಬರೀಲಾ ಅಕ್ಕ?"

"ಬರಿ. ಕೊಬ್ಬರಿ ಎಣ್ಣೆ ನಮ್ದು ಅಂತಾನೂ ಬರಿ."

ಬಸ್ ಬಂತು. ಇಬ್ಬರೂ ನಗುತ್ತಲೇ ಹತ್ತಿದರು.